ನೆಲಮಾಳಿಗೆಯ ತೇವಕ್ಕೆ ಎಷ್ಟು ಲೀಟರಿನ ಮಷೀನು?

ಮೊದಲು ಒಂದು ಲೆಕ್ಕ ಹಾಕೋಣ. ಮುಂಬಯಿಯ ಮಾಟುಂಗದ ಹಳೆಯ ಕಟ್ಟಡವೊಂದರಲ್ಲಿ ನಮ್ಮವರದೊಂದು ಹೋಟೆಲು, ಅದರ ಕೆಳಗೆ 12 ಅಡಿ ಉದ್ದ, 10 ಅಡಿ ಅಗಲ, 9 ಅಡಿ ಎತ್ತರದ ನೆಲಮಾಳಿಗೆ ಇದೆ ಅಂದುಕೊಳ್ಳಿ. ಅಕ್ಕಿ, ಉದ್ದು, ರವೆ, ಒಣಮೆಣಸಿನ ಚೀಲ ಎಲ್ಲ ಅಲ್ಲೇ. ಜುಲೈ ತಿಂಗಳು. ಒಳಗೆ 27 ಡಿಗ್ರಿ, ತೇವಾಂಶ ಶೇ. 90. ಅಷ್ಟೂ ಗಾಳಿಯಲ್ಲಿ ಆವಿಯಾಗಿ ತುಂಬಿಕೊಂಡಿರುವ ನೀರು ಎಷ್ಟಿರಬಹುದು? ಸುಮಾರು 700 ಗ್ರಾಂ. ತೇವಾಂಶವನ್ನು ಶೇ. 55ಕ್ಕೆ ಇಳಿಸಲು ಅದರಲ್ಲಿ ತೆಗೆಯಬೇಕಾದದ್ದು ಹೆಚ್ಚೆಂದರೆ 280 ಗ್ರಾಂ. ಒಂದು ಲೋಟ ನೀರು, ಅಷ್ಟೇ!

ಹಾಗಿದ್ದರೆ ಅಂಗಡಿಯವರು ದಿನಕ್ಕೆ 20 ಲೀಟರ್ ತೆಗೆಯುವ ಡಿಹ್ಯುಮಿಡಿಫೈಯರ್ (ಗಾಳಿಯ ತೇವ ತೆಗೆಯುವ ಮಷೀನು) ಬೇಕು ಅನ್ನುವುದು ಯಾಕೆ? ಸುಮ್ನೆ ದೊಡ್ಡದನ್ನು ದಾಟಿಸುವುದಕ್ಕಾ?

ಅಲ್ಲ. ಆ ಒಂದು ಲೋಟವನ್ನು ತೆಗೆಯುವಷ್ಟರಲ್ಲಿ ಇನ್ನೊಂದು ಲೋಟ ಒಳಗೆ ಬಂದಿರುತ್ತದೆ. ಮೆಟ್ಟಿಲ ಬಾಗಿಲು ಸರಿಯಾಗಿ ಮುಚ್ಚುವುದಿಲ್ಲ, ಪೈಪು ಇಳಿದ ಕಡೆ ಸಂದು ಇದೆ, ಹುಡುಗರು ದಿನವಿಡೀ ಚೀಲ ತರಲು ಹತ್ತಿ ಇಳಿಯುತ್ತಾರೆ. ಇಷ್ಟಾದರೆ ಸಾಕು, ಗಂಟೆಗೊಮ್ಮೆ ಒಳಗಿನ ಗಾಳಿ ಪೂರ್ತಿ ಬದಲಾಗಬಹುದು. ಗಂಟೆಗೆ 280 ಗ್ರಾಂ ಅಂದರೆ ದಿನಕ್ಕೆ ಆರೂವರೆ ಲೀಟರಿಗಿಂತ ಜಾಸ್ತಿ. ಇದರ ಮೇಲೆ ಗೋಡೆ, ನೆಲದಿಂದ ಏಳುವ ತೇವ ಬೇರೆ. ಅಂದರೆ ನಾವು ಮಷೀನು ಕೊಳ್ಳುವುದು ಕೋಣೆಯಲ್ಲಿ ಇರುವ ನೀರಿಗಲ್ಲ, ಬರುತ್ತಲೇ ಇರುವ ನೀರಿಗೆ. ಅದು ಯಾವ ದಾರಿಯಲ್ಲಿ ಬರುತ್ತಿದೆ ಎಂದು ಗೊತ್ತಿಲ್ಲದೆ ಲೀಟರ್ ಲೆಕ್ಕ ಹಾಕಿ ಪ್ರಯೋಜನ ಇಲ್ಲ.

ದಾರಿ ಹುಡುಕಲು ಹಳೆಯದೊಂದು ಉಪಾಯ ಇದೆ. ಗೋಡೆಯ ಮೇಲೆ ಒಂದು ಅಡಿ ಚದರದ ಅಲ್ಯೂಮಿನಿಯಂ ಹಾಳೆ ಇಟ್ಟು ನಾಲ್ಕೂ ಅಂಚಿಗೆ ಟೇಪು ಅಂಟಿಸಿ. ಒಂದೆರಡು ದಿನ ಬಿಟ್ಟು ನೋಡಿ. ಹೊರಮುಖದಲ್ಲಿ ಹನಿ ಕಟ್ಟಿದ್ದರೆ ನೀರು ಗಾಳಿಯಿಂದ ಬಂದದ್ದು. ಕಿತ್ತಾಗ ಹಿಂದಿನ ಮುಖ ಒದ್ದೆಯಾಗಿದ್ದರೆ ಗೋಡೆಯೊಳಗಿಂದ ಬಂದದ್ದು. ಗೋಡೆಯಲ್ಲಿ ಬಿಳಿ ಪುಡಿ ಏಳುತ್ತಿದ್ದರೆ ಹಾಳೆಯೂ ಬೇಡ. ನೀರು ಕಾಂಕ್ರೀಟಿನ ಸಣ್ಣ ರಂಧ್ರಗಳಲ್ಲಿ ಹಾದು ಬರುವಾಗ ಕರಗಿದ ಉಪ್ಪನ್ನೂ ಹೊತ್ತು ತರುತ್ತದೆ, ಹೊರಗೆ ಬಂದು ಆರಿದ ಮೇಲೆ ಉಳಿಯುವುದೇ ಆ ಪುಡಿ. ಇಂಥ ಗೋಡೆಗೆ ಮೊದಲು ಬೇಕಾದವರು ವಾಟರ್‌ಪ್ರೂಫಿಂಗ್‌ನವರು, ಅಥವಾ ಮೇಲಿನ ಮನೆಯ ಪೈಪು ನೋಡುವ ಪ್ಲಂಬರ್. ನೆಲದ ಮೇಲೆ ನೀರು ನಿಲ್ಲುತ್ತಿದ್ದರಂತೂ ಯಾವ ಮಷೀನೂ ಉಪಯೋಗಕ್ಕಿಲ್ಲ.

ಇಲ್ಲಿ ಮುಂಬಯಿಯದೇ ಒಂದು ವಿಶೇಷ ಇದೆ. ಬೇಸ್‌ಮೆಂಟ್ ತೇವದ ಬಗ್ಗೆ ನಾವು ಓದುವ ಸಲಹೆಗಳು ಹೆಚ್ಚಾಗಿ ಚಳಿ ದೇಶದವು. ಅಲ್ಲಿ ಬೇಸಿಗೆಯಲ್ಲೂ ನೆಲಮಾಳಿಗೆ 15 ಡಿಗ್ರಿಯ ಆಸುಪಾಸು ಇರುತ್ತದೆ. ಹೊರಗಿನ ಬೆಚ್ಚಗಿನ ಗಾಳಿ ಆ ತಣ್ಣನೆಯ ಗೋಡೆಗೆ ತಾಗಿದ ಕೂಡಲೇ ಹನಿಯಾಗುತ್ತದೆ. ನಮ್ಮಲ್ಲಿ ನೆಲವೇ ಬೆಚ್ಚಗೆ. ಸ್ವಲ್ಪ ಆಳಕ್ಕೆ ಹೋದರೆ ಮಣ್ಣಿನ ಉಷ್ಣತೆ ಆ ಊರಿನ ವರ್ಷದ ಸರಾಸರಿಯ ಹತ್ತಿರ ನಿಲ್ಲುತ್ತದೆ, ಮುಂಬಯಿಯಲ್ಲಿ ಅದು 27 ಡಿಗ್ರಿಯ ಸುತ್ತಮುತ್ತ. ಮಳೆಗಾಲದ ಗಾಳಿ ಹನಿಯಾಗಲು 25 ಡಿಗ್ರಿಯ ಹತ್ತಿರ ತಣಿಯಬೇಕು. ಹಾಗಾಗಿ ಇಲ್ಲಿ ಗೋಡೆ ಕಣ್ಣಿಗೆ ಕಾಣುವಂತೆ ಬೆವರುವುದು ಕಡಿಮೆ. ಪಕ್ಕದ ಅಥವಾ ಮೇಲಿನ ಎಸಿ ಕೋಣೆಯಿಂದ ತಣ್ಣಗಾದ ಗೋಡೆಯಾದರೆ ಬೇರೆ ಮಾತು. ಆದರೆ ಬೂಷ್ಟಿಗೆ ಹನಿ ಬೇಕಾಗಿಯೇ ಇಲ್ಲ. ಚೀಲ, ಮರ, ಕಾಗದದ ಸುತ್ತಲಿನ ಗಾಳಿ ಶೇ. 75, 80ರಲ್ಲಿ ದಿನಗಟ್ಟಲೆ ನಿಂತರೆ ಅದಕ್ಕೆ ಅಷ್ಟೇ ಸಾಕು. ಗೋಡೆ ಒಣಗಿದೆ, ಚೀಲಕ್ಕೆ ಮಾತ್ರ ಮುಗ್ಗು ಹಿಡಿದಿದೆ ಎಂದು ಹೋಟೆಲಿನವರು ತಲೆ ಕೆರೆದುಕೊಳ್ಳುವುದು ಇದಕ್ಕೇ.

"ಕಿಟಕಿ ತೆರೆದಿಡಿ ಮಾರಾಯ್ರೆ, ಗಾಳಿ ಆಡಲಿ" ಎನ್ನುವವರು ಎಲ್ಲ ಕಡೆ ಇದ್ದಾರೆ. ಜನವರಿಯಲ್ಲಿ ಅದು ಒಳ್ಳೆಯ ಮಾತು. ಜುಲೈಯಲ್ಲಿ ಹೊರಗಿನ ಗಾಳಿಯೇ ಶೇ. 85 ದಾಟಿರುತ್ತದೆ. ಆಗ ಕಿಟಕಿ ತೆರೆಯುವುದು ಅಂದರೆ ನೀರನ್ನು ಒಳಗೆ ಕರೆದ ಹಾಗೆಯೇ. ಮಷೀನು ಓಡುವಾಗ ಕಿಟಕಿ ಮುಚ್ಚಿರಬೇಕು, ಬಾಗಿಲಿನ ಅಡಿಗೆ ರಬ್ಬರ್ ಪಟ್ಟಿ ಹಾಕಿರಬೇಕು. ಪಟ್ಟಿಗೆ ಕೆಲವು ನೂರು ರೂಪಾಯಿ. ಅದರಿಂದ ಗಾಳಿಯ ಓಡಾಟ ಅರ್ಧಕ್ಕೆ ಇಳಿದರೆ ದಿನಕ್ಕೆ ಮೂರು ಲೀಟರ್ ಕೆಲಸ ಉಳಿಯಿತು. ಇಷ್ಟು ಅಗ್ಗಕ್ಕೆ ಇಷ್ಟು ಲಾಭ ಮಷೀನಿನ ಯಾವ ಗುಂಡಿಯಲ್ಲೂ ಸಿಗುವುದಿಲ್ಲ.

ಇನ್ನು ಮಷೀನಿನ ವಿಷಯ. ಮಾರುಕಟ್ಟೆಯಲ್ಲಿ ಮೂರು ಬಗೆ ಸಿಗುತ್ತವೆ. ಮೊದಲನೆಯದು ಕಂಪ್ರೆಸರ್ ಇರುವಂಥದು. ಫ್ಯಾನು ಕೋಣೆಯ ಗಾಳಿಯನ್ನು ಎಳೆದು ತಣ್ಣನೆಯ ಕಾಯಿಲ್ ಮೇಲೆ ಹಾಯಿಸುತ್ತದೆ. ಆವಿ ಅಲ್ಲಿ ಹನಿಯಾಗಿ ಟ್ಯಾಂಕಿಗೆ ಬೀಳುತ್ತದೆ. ಒಣಗಿದ ಗಾಳಿ ಬಿಸಿ ಕಾಯಿಲ್ ದಾಟಿ ಮತ್ತೆ ಅದೇ ಕೋಣೆಗೆ ಬರುತ್ತದೆ. ಎಸಿಯಲ್ಲೂ ನಡೆಯುವುದು ಇದೇ, ಬಿಸಿ ಕಾಯಿಲನ್ನು ಹೊರಗೆ ಇಟ್ಟಿರುತ್ತಾರೆ, ಅಷ್ಟೇ ವ್ಯತ್ಯಾಸ. ಅಂದಹಾಗೆ, 1902ರಲ್ಲಿ ವಿಲ್ಲಿಸ್ ಕ್ಯಾರಿಯರ್ ತಮ್ಮ ಮೊದಲ ಎಸಿ ವ್ಯವಸ್ಥೆಯನ್ನು ರೂಪಿಸಿದ್ದು ಬ್ರೂಕ್ಲಿನ್ನಿನ ಒಂದು ಮುದ್ರಣಾಲಯಕ್ಕೆ. ಸೆಕೆಗೆ ಅಲ್ಲ. ತೇವಕ್ಕೆ ಕಾಗದ ಹಿಗ್ಗಿ, ಒಂದರ ಮೇಲೊಂದು ಅಚ್ಚಾಗುವ ಬಣ್ಣಗಳು ಜಾಗ ತಪ್ಪುತ್ತಿದ್ದವು.

ಎರಡನೆಯದು ಡೆಸಿಕೆಂಟ್ ಬಗೆ. ತೇವ ಹೀರುವ ಜಿಯೋಲೈಟ್ ಚಕ್ರ, ಅದನ್ನು ಒಣಗಿಸಲು ಒಂದು ಹೀಟರ್. ಚಳಿಯಲ್ಲಿ ಕಂಪ್ರೆಸರಿನ ಕಾಯಿಲ್ ಮೇಲೆ ಹಿಮ ಕಟ್ಟುತ್ತದೆ, ಈ ಚಕ್ರಕ್ಕೆ ಆ ತೊಂದರೆ ಇಲ್ಲ. ಮುಂಬಯಿಯಲ್ಲಿ ಹಿಮ ಕಟ್ಟುವ ಚಳಿ ಎಲ್ಲಿಂದ ಬರಬೇಕು? ಇಲ್ಲಿ ಅದು ಸುಮ್ನೆ ಕರೆಂಟು ತಿಂದು ಕೋಣೆ ಬಿಸಿ ಮಾಡುತ್ತದೆ.

ಮೂರನೆಯದನ್ನು ನಾನು ಯಾರಿಗೂ ಹೇಳುವುದಿಲ್ಲ. ಕೆಲವೇ ಸಾವಿರಕ್ಕೆ ಸಿಗುವ, ಸದ್ದಿಲ್ಲದ ಪುಟ್ಟ ಪೆಲ್ಟಿಯರ್ ಡಬ್ಬಿ. ಎರಡು ಬಗೆಯ ಲೋಹ ಸೇರುವ ಕಡೆ ಕರೆಂಟು ಹರಿಸಿದರೆ ಒಂದು ಬದಿ ತಣ್ಣಗಾಗುತ್ತದೆ ಎಂದು 1834ರಲ್ಲಿ ಫ್ರಾನ್ಸಿನ ಪೆಲ್ಟಿಯರ್ ಕಂಡುಹಿಡಿದರು. ವಿಜ್ಞಾನ ಚಂದ, ಆದರೆ ಈ ಡಬ್ಬಿ ದಿನಕ್ಕೆ ತೆಗೆಯುವುದು ಕೆಲವು ನೂರು ಮಿಲಿಲೀಟರ್. ನಮ್ಮ ಕೋಣೆಗೆ ಅಷ್ಟು ನೀರು ಒಂದೆರಡು ಗಂಟೆಯಲ್ಲಿ ಒಳಗೆ ಬರುತ್ತದೆ. ಬಟ್ಟೆಯ ಕಪಾಟಿಗೆ ಆದರೆ ಸರಿ.

ಹಾಗಾಗಿ ಇಲ್ಲಿಗೆ ಕಂಪ್ರೆಸರೇ ಸರಿ. ಆದರೆ ಡಬ್ಬದ ಮೇಲಿನ ಲೀಟರನ್ನು ಹಾಗೇ ನಂಬಬೇಡಿ. ನಮ್ಮಲ್ಲಿ ಸಾಮಾನ್ಯವಾಗಿ ಬರೆಯುವ ಅಂಕಿ 30 ಡಿಗ್ರಿ, ಶೇ. 80 ತೇವದಲ್ಲಿ ಅಳೆದದ್ದು. ಅದನ್ನು ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ, ಹುಡುಕಿ ಓದಿ. ಗಾಳಿ ಒಣಗುತ್ತ ಬಂದ ಹಾಗೆ ಕಾಯಿಲ್‌ಗೆ ಸಿಗುವ ನೀರೂ ಕಡಿಮೆ. ಕೋಣೆ 27 ಡಿಗ್ರಿ, ಶೇ. 60ಕ್ಕೆ ಬಂದಾಗ 20 ಲೀಟರಿನ ಮಷೀನು ತೆಗೆಯುವುದು ಹೆಚ್ಚುಕಡಿಮೆ ಅರ್ಧ. ಪರೀಕ್ಷೆಯ ಉಷ್ಣತೆ ಎಷ್ಟು ಮುಖ್ಯ ಎನ್ನುವುದಕ್ಕೆ ಅಮೆರಿಕದ ಕಥೆ ನೋಡಿ. ಅಲ್ಲಿ ಮೊದಲು ಸುಮಾರು 27 ಡಿಗ್ರಿಯಲ್ಲಿ ಅಳೆಯುತ್ತಿದ್ದರು. ನೆಲಮಾಳಿಗೆ ಅಷ್ಟು ಬೆಚ್ಚಗಿರುವುದಿಲ್ಲ ಎಂದು 2019ರಿಂದ 18 ಡಿಗ್ರಿಗೆ ಇಳಿಸಿದರು. 70 ಪೈಂಟ್, ಅಂದರೆ 33 ಲೀಟರ್ ಎಂದು ಮಾರುತ್ತಿದ್ದ ಮಷೀನೇ ಮರುದಿನದಿಂದ 50 ಪೈಂಟಿನದಾಯಿತು, ಅಂದರೆ ಸುಮಾರು 24 ಲೀಟರ್. ಬದಲಾದದ್ದು ಮಷೀನಲ್ಲ, ಪರೀಕ್ಷೆಯ ಕೋಣೆ.

ಈಗ ನಮ್ಮ ಲೆಕ್ಕಕ್ಕೆ ಬನ್ನಿ. ಗಾಳಿಯಿಂದ ಆರೂವರೆ, ಗೋಡೆಯಿಂದ ಮೂರು ಎಂದಿಟ್ಟುಕೊಂಡರೆ ದಿನಕ್ಕೆ ಸುಮಾರು 10 ಲೀಟರ್. ಅಷ್ಟನ್ನು ಶೇ. 60ರಲ್ಲೂ ತೆಗೆಯಬೇಕಾದರೆ ಡಬ್ಬದ ಮೇಲೆ 20 ಅಂತಲೇ ಇರಬೇಕು. ಅಂಗಡಿಯವರು ಹೇಳಿದ್ದು ಸರಿಯೇ ಆಯಿತು. ಬಾಗಿಲಿನ ಸಂದು ಮುಚ್ಚಿದರೆ 12, 14ರದ್ದೂ ನಡೆಯುತ್ತದೆ.

ಬೆಲೆಗಿಂತ ಹೆಚ್ಚು ಗಮನ ಕೊಡಬೇಕಾದದ್ದು ಒಂದು ಯೂನಿಟ್ ಕರೆಂಟಿಗೆ ಎಷ್ಟು ಲೀಟರ್ ಎನ್ನುವುದಕ್ಕೆ. ಒಳ್ಳೆಯ ಕಂಪ್ರೆಸರ್ ಮಷೀನು ಬೆಚ್ಚಗಿನ ಗಾಳಿಯಲ್ಲಿ ಸುಮಾರು 2 ಲೀಟರ್ ಕೊಡುತ್ತದೆ. ದಿನಕ್ಕೆ 10 ಲೀಟರಿಗೆ 5 ಯೂನಿಟ್. ಯೂನಿಟ್ಟಿಗೆ 10 ರೂಪಾಯಿ ಹಿಡಿದರೆ ತಿಂಗಳಿಗೆ 1500. ನಾಲ್ಕೈದು ಚೀಲ ಉದ್ದು ಹಾಳಾಗುವುದಕ್ಕಿಂತ ಇದು ವಾಸಿ, ಅಲ್ವಾ?

ಸೆಕೆಯ ಮಾತನ್ನು ಮಾತ್ರ ಮಾರುವವರು ಹೇಳುವುದಿಲ್ಲ. ಆವಿ ನೀರಾಗುವಾಗ ಬಿಸಿ ಬಿಡುತ್ತದೆ, ಲೀಟರಿಗೆ ಸುಮಾರು 0.67 ಯೂನಿಟ್ಟಿನಷ್ಟು. 10 ಲೀಟರಿಗೆ 6.7 ಯೂನಿಟ್, ಮಷೀನು ತಿಂದ 5 ಯೂನಿಟ್ ಬೇರೆ. ಎರಡೂ ಸೇರಿದರೆ 500 ವ್ಯಾಟಿನ ಹೀಟರು ಹಗಲು ರಾತ್ರಿ ಉರಿದಷ್ಟು ಬಿಸಿ. ಮುಚ್ಚಿದ ಕೋಣೆ ಎರಡು ಮೂರು ಡಿಗ್ರಿ ಏರುವುದು ಸಹಜ, ಮಷೀನು ಕೆಟ್ಟಿದೆ ಎಂದು ಹೆದರಬೇಡಿ. ಸಾಮಾನಿಗೆ ಈ ಬಿಸಿಯಿಂದ ಲಾಭವೇ, ಒಂದು ಡಿಗ್ರಿ ಏರಿದರೆ ತೇವಾಂಶ ನಾಲ್ಕೈದು ಅಂಕ ತಾನಾಗಿ ಇಳಿಯುತ್ತದೆ. ಆದರೆ ಹುಡುಗರು ಮಲಗುವ ಕೋಣೆಯಾದರೆ ಎಸಿಯೇ ಬೇಕು.

ನೀರು ಎಲ್ಲಿಗೆ ಹೋಗಬೇಕು ಎಂದು ಮೊದಲೇ ನೋಡಿ. ಟ್ಯಾಂಕು ನಾಲ್ಕೈದು ಲೀಟರಿನದ್ದು, ತುಂಬಿದರೆ ಮಷೀನು ತಾನೇ ನಿಲ್ಲುತ್ತದೆ. ರಾತ್ರಿ ಹನ್ನೊಂದಕ್ಕೆ ಬಾಗಿಲು ಹಾಕಿ ಹೋದರೆ ಬೆಳಿಗ್ಗೆ ತೇವ ಮತ್ತೆ ಮೇಲೆ ಏರಿರುತ್ತದೆ. ಪೈಪು ಹಾಕಿ ನೀರು ತಾನಾಗಿ ಹರಿಯಲು ಬಿಡಬಹುದು. ಆದರೆ ನೆಲಮಾಳಿಗೆಯಲ್ಲಿ ಗಟಾರ ಇರುವುದೇ ತಲೆಯ ಮೇಲೆ! ಹಾಗಾಗಿ ನೀರನ್ನು ಮೇಲಕ್ಕೆ ತಳ್ಳುವ ಸಣ್ಣ ಪಂಪು ಇರುವ ಮಷೀನು ತೆಗೆದುಕೊಳ್ಳಿ, ಇಲ್ಲವೇ ಎಸಿ ಮೆಕ್ಯಾನಿಕ್ ಹತ್ತಿರ ಬೇರೆ ಪಂಪು ಹಾಕಿಸಿ. ಪ್ಲಗ್ ಪಾಯಿಂಟು ಎದೆಯೆತ್ತರದಲ್ಲಿ ಇರಲಿ, ಕರೆಂಟು ಸೋರಿದರೆ ತಾನೇ ಕಡಿದುಹಾಕುವ ಇಎಲ್‌ಸಿಬಿ ಸ್ವಿಚ್ ಇರಲಿ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 944 ಮಿಲಿಮೀಟರ್ ಮಳೆ ಸುರಿದ ಊರು ಇದು. ಮಷೀನಿನ ಒಳಗಿನ ಗ್ಯಾಸ್ ಯಾವುದು ಎಂದೂ ಓದಿ. ಆರ್-290 ಎಂದಿದ್ದರೆ ಅದು ಪ್ರೊಪೇನ್, ಬೆಂಕಿ ಹಿಡಿಯುವಂಥದು. ಕೋಣೆ ಕನಿಷ್ಠ ಎಷ್ಟು ದೊಡ್ಡದಿರಬೇಕು ಎಂದು ಮಷೀನಿನ ಮೇಲೆ ಬರೆದಿರುತ್ತಾರೆ.

ತೇವಾಂಶ ಎಷ್ಟಕ್ಕೆ ಇಡಬೇಕು? ಶೇ. 55ರಿಂದ 60. ಅದಕ್ಕಿಂತ ಕೆಳಗೆ ಇಳಿಸಿದರೆ ಬಿಲ್ಲು ಏರುತ್ತದೆ, ಮರ ಬಿರುಕು ಬಿಡಬಹುದು. ಧಾನ್ಯಕ್ಕೆ 65 ಕೂಡ ಸಾಕು. ಆ ಗಾಳಿಯಲ್ಲಿ ಅಕ್ಕಿಯ ತೇವ ಶೇ. 14ರ ಒಳಗೇ ಉಳಿಯುತ್ತದೆ. ಶೇಂಗಾ, ಕೊಬ್ಬರಿ, ಒಣಮೆಣಸು ಇರುವಲ್ಲಿ ಸಡಿಲ ಬಿಡಬೇಡಿ, ಅಫ್ಲಾಟಾಕ್ಸಿನ್ ವಿಷ ಮಾಡುವ ಬೂಷ್ಟು ಅವುಗಳ ಮೇಲೆಯೇ ಬೆಳೆಯುತ್ತದೆ, ಹುರಿದರೂ ಆ ವಿಷ ಪೂರ್ತಿ ಹೋಗುವುದಿಲ್ಲ. ಚೀಲಗಳು ಗೋಡೆಯಿಂದ ಅರ್ಧ ಅಡಿ ದೂರ, ಮರದ ಹಲಗೆಯ ಮೇಲೆ ಇರಲಿ. ಹಿಂದೆ ಗಾಳಿ ಹೋಗದಿದ್ದರೆ ಮಷೀನು ನಡುಕೋಣೆಯನ್ನಷ್ಟೇ ಒಣಗಿಸುತ್ತದೆ.

ಮಷೀನಿನ ಮೇಲೆ ಕಾಣುವ ಅಂಕಿ ಮಷೀನಿನ ಹತ್ತಿರದ್ದು. ಚೀಲಗಳ ಹಿಂದೆ ಬೇರೆಯೇ ಒಂದು ಹೈಗ್ರೋಮೀಟರ್, ಅಂದರೆ ತೇವಾಂಶ ತೋರಿಸುವ ಮೀಟರ್, ಇಡಿ. ಅಗ್ಗದ್ದು ಸರಿ ತೋರಿಸುತ್ತದೋ ಇಲ್ಲವೋ ಎಂದು ಅಡುಗೆ ಉಪ್ಪಿನಿಂದಲೇ ಪರೀಕ್ಷಿಸಬಹುದು. ಬಾಟಲಿ ಮುಚ್ಚಳದಲ್ಲಿ ಉಪ್ಪು ಹಾಕಿ, ಕರಗದಷ್ಟು, ಬರೀ ಒದ್ದೆಯಾಗುವಷ್ಟು ನೀರು ಬಿಡಿ. ಅದನ್ನೂ ಮೀಟರನ್ನೂ ಜಿಪ್ ಚೀಲದಲ್ಲಿ ಮುಚ್ಚಿ ರಾತ್ರಿಯಿಡೀ ಬಿಡಿ. ಒದ್ದೆ ಉಪ್ಪಿನ ಮೇಲಿನ ಗಾಳಿ ಯಾವಾಗಲೂ ಶೇ. 75ರಲ್ಲಿ ನಿಲ್ಲುತ್ತದೆ. ಮೀಟರ್ 70 ತೋರಿಸಿದರೆ ಐದು ಸೇರಿಸಿ ಓದಿ.

ಮಳೆ ಮುಗಿದು ನವೆಂಬರಿನ ಗಾಳಿ ಒಣಗಿದ ಮೇಲೆ ಮಷೀನು ನಿಲ್ಲಿಸಿ, ಆಗ ಬಾಗಿಲು ತೆರೆಯಿರಿ. ಮಷೀನನ್ನು ಕಟ್ಟಿಡುವ ಮುಂಚೆ ಫಿಲ್ಟರ್ ತೊಳೆದು, ಕೆಲವು ಗಂಟೆ ಫ್ಯಾನು ಮಾತ್ರ ಓಡಿಸಿ ಕಾಯಿಲ್ ಒಣಗಿಸಬೇಕು. ಇಲ್ಲದಿದ್ದರೆ ಬರುವ ಜೂನಿನಲ್ಲಿ ಸ್ವಿಚ್ ಹಾಕಿದಾಗ ಮುಗ್ಗು ವಾಸನೆ ಮಷೀನಿನಿಂದಲೇ ಬರುತ್ತದೆ.