ಸೋಲೋಯಿಸ್ಟ್: ಆರ್ಕೆಸ್ಟ್ರಾದಲ್ಲಿ ಅಲ್ಲ, ಆರ್ಕೆಸ್ಟ್ರಾ ಜೊತೆ

ಮೈಸೂರಿನಲ್ಲಿ ಸಂಗೀತ ಕಾರ್ಯಕ್ರಮಗಳಿಗೆ ಹೋಗುವವರಿಗೆ, ಆಹ್ವಾನ ಪತ್ರಿಕೆಯ ಹಿಂದಿನ ಪುಟ ಓದುವವರಿಗೆ ಈ ಸಾಲು ಹೊಸದಲ್ಲ: 'ಇವರು ವಿದೇಶದ ಹೆಸರಾಂತ ಆರ್ಕೆಸ್ಟ್ರಾದಲ್ಲಿ ಸೋಲೋಯಿಸ್ಟ್ ಆಗಿದ್ದಾರೆ.' ವಿಚಾರಿಸಿದರೆ ಒಬ್ಬರು ಅಲ್ಲಿ ಎರಡನೇ ವಯೊಲಿನ್ ಸಾಲಿನಲ್ಲಿ ಕೂತು ನುಡಿಸುವವರು. ಇನ್ನೊಬ್ಬರು ಯಾವುದೋ ಹಾಲ್‌ನಲ್ಲಿ ಒಂದು ಸಂಜೆ ಒಬ್ಬರೇ ನುಡಿಸಿ ಬಂದವರು. ಎರಡೂ ಒಳ್ಳೆಯ ಕೆಲಸವೇ. ಎರಡೂ ಸೋಲೋಯಿಸ್ಟ್ ಕೆಲಸ ಅಲ್ಲ. ಈಗ ಗ್ರೇಡ್ ಪರೀಕ್ಷೆ ಪಾಸಾದ ಮಕ್ಕಳ ಫ್ಲೆಕ್ಸ್ ಮೇಲೂ ಇದೇ ಪದ ಬಂದು ಕೂತಿದೆ. ಇನ್ನು ಸುಮ್ನೆ ಇರುವುದು ಕಷ್ಟ.

ತಪ್ಪು ಇರುವುದು 'ಆರ್ಕೆಸ್ಟ್ರಾದಲ್ಲಿ' ಅನ್ನುವ ಒಂದು ಪ್ರತ್ಯಯದಲ್ಲಿ. ಸೋಲೋಯಿಸ್ಟ್ ಆರ್ಕೆಸ್ಟ್ರಾದ ಒಳಗಿನವರಲ್ಲ, ಹೊರಗಿನಿಂದ ಬರುವವರು. ಆರ್ಕೆಸ್ಟ್ರಾ 'ಜೊತೆ' ನುಡಿಸುತ್ತಾರೆ, ಹೊರಟುಹೋಗುತ್ತಾರೆ. ಅವರಿಗೆ ಅಲ್ಲಿ ಸಂಬಳವಿಲ್ಲ, ರಜೆಯಿಲ್ಲ, ಕುರ್ಚಿಯೂ ಇಲ್ಲ. ವಯೊಲಿನ್‌ನವರಾದರೆ ಸಾಮಾನ್ಯವಾಗಿ ನಿಂತೇ ನುಡಿಸುತ್ತಾರೆ. ಚೆಲ್ಲೊ, ಅಂದರೆ ಕೂತು ಕಾಲ ನಡುವೆ ಇಟ್ಟು ನುಡಿಸುವ ದೊಡ್ಡ ವಯೊಲಿನ್ ಥರದ ವಾದ್ಯದವರಿಗೆ ಕುರ್ಚಿ ಕೊಡುತ್ತಾರೆ, ಅದು ಬೇರೆ ಮಾತು.

'ಆರ್ಕೆಸ್ಟ್ರಾ' ಅನ್ನುವ ಪದದ್ದೇ ನಮ್ಮಲ್ಲಿ ಒಂದು ಕಥೆ. ಮಂಡ್ಯದ ಕಡೆ 'ಇವತ್ತು ಆರ್ಕೆಸ್ಟ್ರಾ ಇದೆ' ಅಂದರೆ ಕೀಬೋರ್ಡ್, ರಿದಮ್ ಪ್ಯಾಡ್, ಇಬ್ಬರು ಗಾಯಕರು, ರಾತ್ರಿ ಹನ್ನೊಂದರವರೆಗೆ ಸಿನಿಮಾ ಹಾಡು. ಇದನ್ನು ಕೇಳಿ ನಗುವ ಮೈಸೂರಿನ ಸಂಗೀತ ಪಂಡಿತರಿಗೆ ಒಂದು ವಿಷಯ ಗೊತ್ತಿರಲಿ. ಗ್ರೀಕ್ ಭಾಷೆಯಲ್ಲಿ ಈ ಪದ ಹುಟ್ಟಿದ್ದು 'ಕುಣಿ' ಅನ್ನುವ ಧಾತುವಿನಿಂದ. ಹಳೆಯ ಗ್ರೀಕ್ ರಂಗಮಂದಿರದಲ್ಲಿ ವೇದಿಕೆಯ ಮುಂದೆ ಮೇಳದವರು ಹಾಡಿ ಕುಣಿಯುವ ಜಾಗಕ್ಕೆ 'ಆರ್ಕೆಸ್ಟ್ರಾ' ಅನ್ನುತ್ತಿದ್ದರು. ಎಷ್ಟೋ ಶತಮಾನಗಳ ನಂತರ ಯುರೋಪಿನ ನಾಟಕಶಾಲೆಗಳಲ್ಲಿ ಅದೇ ಜಾಗದಲ್ಲಿ ವಾದ್ಯದವರನ್ನು ಕೂರಿಸಿದರು. ಜಾಗದ ಹೆಸರು ಜನರಿಗೆ ಅಂಟಿತು. ಆ ಲೆಕ್ಕದಲ್ಲಿ ಗಣೇಶನ ಪೆಂಡಾಲ್ ಮುಂದೆ ಹುಡುಗರು ಕುಣಿಯುವ ಬಯಲೇ ಅಸಲಿ ಆರ್ಕೆಸ್ಟ್ರಾ. ಮಂಡ್ಯದವರು ಮೂಲಕ್ಕೆ ಹತ್ತಿರ ಇದ್ದಾರೆ.

'ಸೋಲೋ'ಗೆ ಬರೋಣ. ಇಟಲಿಯ ಮಾತಿನಲ್ಲಿ 'ಒಂಟಿ' ಅಂತ ಅರ್ಥ. ಎಲ್ಲ ಗೊಂದಲವೂ ಇಲ್ಲಿಂದಲೇ ಶುರು. ಒಂಟಿ ಅಂದಮೇಲೆ ಒಬ್ಬರೇ ನುಡಿಸುವವರು ಸೋಲೋಯಿಸ್ಟ್ ಅಂತ ಜನ ತೀರ್ಮಾನ ಮಾಡಿಬಿಡುತ್ತಾರೆ. ಆದರೆ ಸಂಗೀತದಲ್ಲಿ ಈ ಪದ ಯಾವತ್ತೂ ಅಷ್ಟು ಒಂಟಿಯಾಗಿ ಇರಲೇ ಇಲ್ಲ. ಕನ್ಚೆರ್ಟೊ ಅಂದರೆ ಆರ್ಕೆಸ್ಟ್ರಾ ಜೊತೆ ಒಂದು ವಾದ್ಯ ಮುಂದೆ ನಿಂತು ನುಡಿಸುವ ಕೃತಿ. ಇಟಲಿಯ ಸಂಗೀತಗಾರ ವಿವಾಲ್ಡಿಯ ಕಾಲದ ಕನ್ಚೆರ್ಟೊಗಳ ಬರವಣಿಗೆ ನೋಡಿದರೆ ಎರಡು ಪದ ಮತ್ತೆ ಮತ್ತೆ ಸಿಗುತ್ತವೆ, 'ಸೋಲೋ' ಮತ್ತು 'ತುತ್ತಿ'. ತುತ್ತಿ ಅಂದರೆ 'ಎಲ್ಲರೂ'. ಸೋಲೋ ಅನ್ನುವುದು ಅಲ್ಲಿ ಮನುಷ್ಯನ ಹೆಸರಲ್ಲ, ಜಾಗದ ಗುರುತು. ಇಲ್ಲಿಂದ ಇಲ್ಲಿಯವರೆಗೆ ಒಬ್ಬರ ಮಾತು, ಆಮೇಲೆ ಎಲ್ಲರದು. ತುತ್ತಿ ಬಂದಾಗ ಸೋಲೋ ನುಡಿಸಿದವರೂ ಉಳಿದವರ ಜೊತೆ ಸೇರಿಕೊಂಡು ನುಡಿಸುತ್ತಿದ್ದರು.

ಇದಕ್ಕಿಂತ ಒಳ್ಳೆಯ ಸಾಕ್ಷಿ ಜರ್ಮನಿಯ ಸಂಗೀತಗಾರ ಬಾಖ್ ಕೈಬರಹದಲ್ಲಿದೆ. 1720ರಲ್ಲಿ ಆತ ಒಂದೇ ವಯೊಲಿನ್‌ಗೆ ಬರೆದ ಆರು ಕೃತಿಗಳ ಪ್ರತಿ ಸಿದ್ಧ ಮಾಡಿದ. ಮೇಲೆ ಬರೆದ ಹೆಸರು 'ಆರು ಸೋಲೋ, ವಯೊಲಿನ್‌ಗೆ' ಅಂತ. ಅಷ್ಟಕ್ಕೇ ಬಿಡಲಿಲ್ಲ. 'ಬೇಸ್ ಪಕ್ಕವಾದ್ಯವಿಲ್ಲದೆ' ಅಂತ ಸೇರಿಸಿದ. ಯಾಕೆ? ಆ ಕಾಲದಲ್ಲಿ ವಯೊಲಿನ್ ಸೋಲೋ ಅಂದರೆ ಜೊತೆಗೆ ಹಾರ್ಪ್ಸಿಕಾರ್ಡೋ (ಪಿಯಾನೋಗೂ ಹಿಂದಿನ ಕೀಲಿಮಣೆ ವಾದ್ಯ) ಚೆಲ್ಲೊನೋ ಬೇಸ್, ಅಂದರೆ ಕೆಳಗಿನ ಮಂದ್ರ ಸ್ವರ, ಹಿಡಿದು ಕೂತಿರುವುದು ಮಾಮೂಲಿ. ನಿಜವಾಗಿ ಒಬ್ಬರೇ ಅಂತ ಹೇಳಬೇಕಾದರೆ ಬಿಡಿಸಿಯೇ ಹೇಳಬೇಕಿತ್ತು.

ಹಾಗಾಗಿ ನಮ್ಮ ಕರ್ನಾಟಕ ಸಂಗೀತದವರು 'ವಯೊಲಿನ್ ಸೋಲೋ' ಅಂತ ಹಾಕಿ ಕೆಳಗೆ ಮೃದಂಗ, ಘಟ, ಮೋರ್ಚಿಂಗ್ ಹೆಸರು ಬರೆಯುವುದನ್ನು ನಾನು ತಪ್ಪು ಅನ್ನುವುದಿಲ್ಲ. ಮೈಸೂರಿನ ಎಂಟನೇ ಕ್ರಾಸ್ ಗಣಪತಿ ಸಂಗೀತೋತ್ಸವದಲ್ಲಿ ಹಾಗೆ ಬರೆದರೆ ಕೇಳುವ ಪ್ರತಿಯೊಬ್ಬರಿಗೂ ಅರ್ಥ ಆಗುತ್ತದೆ: ಸಾಮಾನ್ಯವಾಗಿ ಗಾಯಕರ ಪಕ್ಕ ಕೂರುವ ವಾದ್ಯ ಇವತ್ತು ನಡುವೆ ಕೂತಿದೆ. ಬಾಖ್ ಕಾಲದವರಿಗೂ ಈ ಬಳಕೆ ಸರಿ ಅನ್ನಿಸುತ್ತಿತ್ತು. ಕೀಟಲೆ ಶುರುವಾಗುವುದು ಇದಕ್ಕೆ 'ಯಿಸ್ಟ್' ಅಂಟಿಸಿ, ಪಕ್ಕದಲ್ಲಿ ಆರ್ಕೆಸ್ಟ್ರಾ ತಂದು ನಿಲ್ಲಿಸಿದಾಗ.

ಎಲ್ಲಕ್ಕಿಂತ ಜಾಸ್ತಿ ಕಾಡುವ ಗೊಂದಲ ಸೋಲೋಯಿಸ್ಟ್‌ಗೂ ಕನ್ಸರ್ಟ್‌ಮಾಸ್ಟರ್‌ಗೂ ನಡುವಿನದು. ಎದುರು ನಿಂತು ಕೈ ಆಡಿಸಿ ಆರ್ಕೆಸ್ಟ್ರಾ ನಡೆಸುವವರು ಕಂಡಕ್ಟರ್. ಮೊದಲ ವಯೊಲಿನ್ ಸಾಲಿನಲ್ಲಿ ಅವರಿಗೆ ಅತಿ ಹತ್ತಿರ ಕೂರುವವರೇ ಕನ್ಸರ್ಟ್‌ಮಾಸ್ಟರ್. ಶ್ರುತಿ ಮಾಡುವಾಗ ಎದ್ದು ನಿಲ್ಲುವವರು ಈ ಕನ್ಸರ್ಟ್‌ಮಾಸ್ಟರ್. ಓಬೋ ಅನ್ನುವ ಊದುವ ವಾದ್ಯ ಒಂದು ಸ್ವರ ಕೊಡುತ್ತದೆ, ಇವರು ತಲೆಯಾಡಿಸುತ್ತಾರೆ, ಉಳಿದವರು ಸೇರಿಸಿಕೊಳ್ಳುತ್ತಾರೆ. ಇಡೀ ಸಾಲಿನ ಕಮಾನು ಯಾವಾಗ ಮೇಲೆ ಹೋಗಬೇಕು, ಯಾವಾಗ ಕೆಳಗೆ ಬರಬೇಕು ಅಂತ ಗುರುತು ಹಾಕುವುದೂ ಅವರೇ. ಕಾರ್ಯಕ್ರಮ ಮುಗಿದಾಗ ಕಂಡಕ್ಟರ್ ಮೊದಲು ಕೈ ಕುಲುಕುವುದು ಅವರದ್ದು. ಅದು ಹುದ್ದೆ, ಕಾಯಂ ಕೆಲಸ. ಕೃತಿಯ ನಡುವೆ ಅವರಿಗೂ ಒಂಟಿ ಭಾಗ ಬರುತ್ತದೆ. ರಿಮ್‌ಸ್ಕಿ-ಕೊರ್ಸಕೋವ್ 1888ರಲ್ಲಿ ಬರೆದ 'ಶೆಹರಜಾದ್'ನಲ್ಲಿ ಕಥೆ ಹೇಳುವ ರಾಣಿಯ ದನಿಯಾಗಿ ಮತ್ತೆ ಮತ್ತೆ ಕೇಳುವ ವಯೊಲಿನ್ ಕನ್ಸರ್ಟ್‌ಮಾಸ್ಟರ್‌ದೇ. ಅದನ್ನು ಕೇಳಿ 'ಸೋಲೋಯಿಸ್ಟ್ ಎಷ್ಟು ಚೆನ್ನಾಗಿ ನುಡಿಸಿದರು' ಅನ್ನುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಜರ್ಮನಿಯವರು ಇನ್ನಷ್ಟು ಕಷ್ಟ ಕೊಡುತ್ತಾರೆ. ಅಲ್ಲಿ ಚೆಲ್ಲೊ ಸಾಲಿನ ಮುಖ್ಯಸ್ಥರ ಹುದ್ದೆಗೇ 'ಸೋಲೋ ಚೆಲ್ಲಿಸ್ಟ್' ಅಂತ ಹೆಸರು. ಪರಿಚಯ ಬರೆಯುವವರು ಅಲ್ಲಿಂದ ಎತ್ತಿ ಇಳಿಸಿಬಿಡುತ್ತಾರೆ.

ಸೋಲೋಯಿಸ್ಟ್ ಮಾತ್ರ ಬೀಗರ ಊಟಕ್ಕೆ ಬಂದ ಬೀಗರ ಹಾಗೆ. ಮರ್ಯಾದೆಯೆಲ್ಲ ಅವರಿಗೇ, ಉಗ್ರಾಣದ ಬೀಗದ ಕೈ ಮನೆಯವರ ಹತ್ತಿರ.

ಸೋಲೋಯಿಸ್ಟ್, ಕನ್ಸರ್ಟ್‌ಮಾಸ್ಟರ್ ಇಬ್ಬರ ಸಂಬಂಧ ಚೆನ್ನಾಗಿ ಕಂಡದ್ದು 1986ರ ಜುಲೈನಲ್ಲಿ, ಅಮೆರಿಕದ ಟ್ಯಾಂಗಲ್‌ವುಡ್‌ನಲ್ಲಿ. ಬೋಸ್ಟನ್ ಸಿಂಫನಿ ಜೊತೆ ನುಡಿಸಲು ಬಂದವಳು ಮಿಡೋರಿ, 14 ವರ್ಷದ ಹುಡುಗಿ. ಕೃತಿ ಬರ್ನ್‌ಸ್ಟೈನ್ ಬರೆದದ್ದು, ಕಂಡಕ್ಟರ್ ಕೂಡ ಅವರೇ. ನಡುವೆ ತಂತಿ ಕಡಿಯಿತು. ಅವಳು ಪಕ್ಕಕ್ಕೆ ತಿರುಗಿ ಕನ್ಸರ್ಟ್‌ಮಾಸ್ಟರ್ ಕೈಯಲ್ಲಿದ್ದ ವಯೊಲಿನ್ ತೆಗೆದುಕೊಂಡು ಮುಂದುವರಿದಳು. ಅದರದ್ದೂ ಕಡಿಯಿತು. ಆಗ ಬಂದದ್ದು ಸಹಾಯಕ ಕನ್ಸರ್ಟ್‌ಮಾಸ್ಟರ್ ವಯೊಲಿನ್. ಅವಳ ವಯೊಲಿನ್‌ಗಿಂತ ಆ ಎರಡೂ ದೊಡ್ಡವು. ಆದರೂ ಸಂಗೀತ ನಿಲ್ಲಲಿಲ್ಲ. ಮರುದಿನ ಎಲ್ಲರೂ ಬರೆದದ್ದು ಹುಡುಗಿಯ ಧೈರ್ಯದ ಬಗ್ಗೆ, ಸರಿಯೇ. ಆದರೆ ವಾದ್ಯ ಕೈಬದಲಾದ ದಾರಿ ನೋಡಿ. ಬೇಕಾದಾಗ ವಯೊಲಿನ್ ಕೊಟ್ಟು ಸುಮ್ಮನೆ ಕೂರುವುದು ಕನ್ಸರ್ಟ್‌ಮಾಸ್ಟರ್ ಕೆಲಸ, ಏನಾದರೂ ಸರಿ ಮುಂದುವರಿಯುವುದು ಸೋಲೋಯಿಸ್ಟ್ ಕೆಲಸ.

ಈ ಎರಡು ಕೆಲಸ ಮೊದಲಿನಿಂದ ಬೇರೆ ಬೇರೆ ಇರಲಿಲ್ಲ ಅನ್ನುವುದನ್ನೂ ಹೇಳಬೇಕು, ಇಲ್ಲದಿದ್ದರೆ ಅನ್ಯಾಯ. ಮೊಜಾರ್ಟ್ ಹದಿಹರೆಯದಲ್ಲಿ ಐದು ವಯೊಲಿನ್ ಕನ್ಚೆರ್ಟೊ ಬರೆದಾಗ ಸಾಲ್ಜ್‌ಬರ್ಗ್‌ನಲ್ಲಿ ತಾನೇ ಕನ್ಸರ್ಟ್‌ಮಾಸ್ಟರ್ ಆಗಿದ್ದ. ಬೀಥೋವನ್‌ನ ಕನ್ಚೆರ್ಟೊ 1806ರಲ್ಲಿ ಮೊದಲು ನುಡಿಸಿದ ಕ್ಲೆಮೆಂಟ್, ಮೆಂಡೆಲ್ಸನ್‌ನದು 1845ರಲ್ಲಿ ಮೊದಲು ನುಡಿಸಿದ ಫರ್ಡಿನಂಡ್ ಡೇವಿಡ್, ಇಬ್ಬರೂ ಅಲ್ಲಲ್ಲಿನ ಆರ್ಕೆಸ್ಟ್ರಾದ ಮುಂದಾಳುಗಳೇ. ಊರೂರು ತಿರುಗಿ ಬೇರೆಯವರ ಆರ್ಕೆಸ್ಟ್ರಾ ಮುಂದೆ ನಿಲ್ಲುವುದನ್ನೇ ಜೀವನ ಮಾಡಿಕೊಳ್ಳುವವರ ಸಂಖ್ಯೆ ಬೆಳೆದದ್ದು ರೈಲು ಬಂದ ಮೇಲೆ. ಬೀಥೋವನ್‌ನ ಆ ಕನ್ಚೆರ್ಟೊವನ್ನೇ ಜನ ಹೆಚ್ಚುಕಡಿಮೆ ಮರೆತಿದ್ದರು. 1844ರಲ್ಲಿ ಲಂಡನ್ನಿನಲ್ಲಿ ಯೋಸೆಫ್ ಯೋಆಕಿಮ್ ಅದನ್ನು ನುಡಿಸಿದ. ಆಗ ಅವನಿಗೆ 12 ವರ್ಷ. ಕಂಡಕ್ಟರ್ ಮೆಂಡೆಲ್ಸನ್. ಅಲ್ಲಿಂದ ಆ ಕೃತಿ ಎದ್ದು ನಿಂತಿತು.

ಆ ಕೃತಿಯಲ್ಲೇ 'ಒಬ್ಬರೇ' ಅನ್ನುವವರಿಗೆ ಉತ್ತರವೂ ಇದೆ. ಶುರುವಾಗುವುದು ಟಿಂಪನಿ ಅನ್ನುವ ದೊಡ್ಡ ನಗಾರಿಯ ಮೆಲ್ಲನೆಯ ಪೆಟ್ಟುಗಳಿಂದ. ಆಮೇಲೆ ಆರ್ಕೆಸ್ಟ್ರಾ ಮೂರು ನಿಮಿಷಕ್ಕೂ ಜಾಸ್ತಿ ಮಾತಾಡುತ್ತದೆ. ಸೋಲೋಯಿಸ್ಟ್ ಅಷ್ಟೂ ಹೊತ್ತು ವಯೊಲಿನ್ ಹಿಡಿದು ಸುಮ್ಮನೆ ನಿಂತಿರಬೇಕು. ನಿಜವಾಗಿ ಒಬ್ಬರೇ ಆಗುವುದು ಕದೆಂಜಾ ಬಂದಾಗ. ಆರ್ಕೆಸ್ಟ್ರಾ ನಿಲ್ಲುತ್ತದೆ, ಇವರು ತಮ್ಮ ಕೈಚಳಕ ತೋರಿಸುತ್ತಾರೆ, ಒಂದು ಸಂಜ್ಞೆ ಕೊಟ್ಟು ಎಲ್ಲರನ್ನೂ ವಾಪಸ್ ಕರೆಯುತ್ತಾರೆ. ನಮ್ಮ ಕಚೇರಿಗಳಲ್ಲಿ ಮೃದಂಗದವರ ತನಿ ಆವರ್ತನ ಕೇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ವ್ಯತ್ಯಾಸ ಏನೆಂದರೆ, ಅಲ್ಲಿ ಈಗ ಬಹುತೇಕ ಬೇರೆ ಯಾರೋ ಬರೆದಿಟ್ಟ ಕದೆಂಜಾವನ್ನೇ ನುಡಿಸುತ್ತಾರೆ. ಬೀಥೋವನ್‌ನ ಈ ಕನ್ಚೆರ್ಟೊಗೆ ವಯೊಲಿನ್ ವಾದಕ ಕ್ರೈಸ್ಲರ್ ಬರೆದ ಕದೆಂಜಾ ತುಂಬ ಜನಪ್ರಿಯ.

ವೃತ್ತಿಯ ಲೆಕ್ಕಾಚಾರ ಚಿಕ್ಕದಾಗಿ ಹೇಳಿಬಿಡುತ್ತೇನೆ. ಏಜೆಂಟ್ ಮೂಲಕ ಒಂದೆರಡು ವರ್ಷ ಮೊದಲೇ ದಿನ ಗೊತ್ತಾಗುತ್ತದೆ. ಸಂಭಾವನೆ ಕಾರ್ಯಕ್ರಮದ ಲೆಕ್ಕದಲ್ಲಿ. ವಾರದ ನಡುವೆ ಊರಿಗೆ ಇಳಿದು, ಒಂದೆರಡು ತಾಲೀಮು ಮುಗಿಸಿ, ವಾರಾಂತ್ಯದಲ್ಲಿ ನುಡಿಸಿ, ಮುಂದಿನ ಊರಿಗೆ. ಪ್ರವೇಶಕ್ಕೆ ದಾರಿ ಹೆಚ್ಚಾಗಿ ಸ್ಪರ್ಧೆಗಳು, ಬ್ರಸೆಲ್ಸ್‌ನ ಕ್ವೀನ್ ಎಲಿಜಬೆತ್, ಮಾಸ್ಕೋದ ಚೈಕೋವ್‌ಸ್ಕಿ ಥರದವು. ಇಲ್ಲವಾದರೆ ಹೆಸರಾದವರಿಗೆ ಹುಷಾರಿಲ್ಲ ಅಂತ ಕೊನೆಗಳಿಗೆಯಲ್ಲಿ ಬರುವ ಫೋನ್. ತುಂಬ ಜನರ ಕೈಯಲ್ಲಿರುವ ಹಳೆಯ ಇಟಾಲಿಯನ್ ವಾದ್ಯ ಅವರದ್ದಲ್ಲ, ಯಾವುದೋ ಸಂಸ್ಥೆ ಎರವಲು ಕೊಟ್ಟದ್ದು.

ತಾಲೀಮು ಕಡಿಮೆ ಅನ್ನುವುದು ಸಣ್ಣ ಮಾತಲ್ಲ. ಇಂಗ್ಲೆಂಡಿನ ಸಂಗೀತಗಾರ ಎಲ್ಗರ್‌ನ ಚೆಲ್ಲೊ ಕನ್ಚೆರ್ಟೊ 1919ರಲ್ಲಿ ಲಂಡನ್ನಿನಲ್ಲಿ ಮೊದಲ ಸಲ ಬಂದಾಗ ಕೆಟ್ಟುಹೋಯಿತು. ಅದೇ ಸಂಜೆಯ ಉಳಿದ ಕೃತಿಗಳ ಕಂಡಕ್ಟರ್ ತಾಲೀಮಿನ ಸಮಯವನ್ನೆಲ್ಲ ತಾನೇ ತಿಂದುಹಾಕಿದ್ದ. ಆ ದಿನ ಆರ್ಕೆಸ್ಟ್ರಾದ ಚೆಲ್ಲೊ ಸಾಲಿನಲ್ಲಿ ಬಾರ್ಬಿರೋಲಿ ಅನ್ನುವ ಹುಡುಗ ಕೂತಿದ್ದ. 1965ರಲ್ಲಿ ಅವನೇ ಕಂಡಕ್ಟರ್ ಆಗಿ ನಿಂತು, 20 ವರ್ಷದ ಚೆಲ್ಲೊ ವಾದಕಿ ಜಾಕ್ಲೀನ್ ದು ಪ್ರೆ ಜೊತೆ ಅದೇ ಕೃತಿಯ ಧ್ವನಿಮುದ್ರಣ ಮಾಡಿದ. ಇವತ್ತಿಗೂ ಜನ ಮೊದಲು ಹುಡುಕುವುದು ಅದನ್ನೇ. ಎಂಟು ವರ್ಷದಲ್ಲಿ ಕಾಯಿಲೆಯಿಂದ ಅವಳ ವಾದನವೇ ನಿಂತುಹೋಯಿತು.

ಇನ್ನೊಂದು ಬೇಡಿಕೆ ನಮ್ಮವರಿಗೆ ಹೊಳೆಯುವುದೇ ಇಲ್ಲ. ಆರ್ಕೆಸ್ಟ್ರಾದ ಅರವತ್ತು, ಎಂಬತ್ತು ಜನರ ಮುಂದೆ ನಿಂತು ಮೈಕ್ ಇಲ್ಲದೆ ಸಭಾಂಗಣದ ಕೊನೆಯ ಸಾಲಿಗೆ ಕೇಳಿಸಬೇಕು. ಮೈಸೂರಿನಲ್ಲಿ ಈ ಕಷ್ಟವನ್ನು ಚೆನ್ನಾಗಿ ಅರಿತವರು ಒಬ್ಬರಿದ್ದರು, ಟಿ. ಚೌಡಯ್ಯ. ತಿರುಮಕೂಡಲಿನಲ್ಲಿ ಹುಟ್ಟಿ, ಬಿಡಾರಂ ಕೃಷ್ಣಪ್ಪನವರಲ್ಲಿ ಕಲಿತವರು. ಮೈಕ್ ಇಲ್ಲದ ಕಾಲದ ದೊಡ್ಡ ಸಭೆಗಳಿಗೆ ನಾಲ್ಕು ತಂತಿ ಸಾಲದು ಅಂತ ಇನ್ನೂ ಮೂರು ಸೇರಿಸಿ ಏಳು ತಂತಿಯ ವಯೊಲಿನ್ ಮಾಡಿಕೊಂಡರು. ಅವರು ಬಾಳಿನ ಬಹುಭಾಗ ಪಕ್ಕವಾದ್ಯದವರು. 1957ರಲ್ಲಿ ಮದ್ರಾಸ್ ಮ್ಯೂಸಿಕ್ ಅಕಾಡೆಮಿಯ ಸಂಗೀತ ಕಲಾನಿಧಿಯೂ ಆದರು. 'ಸೋಲೋಯಿಸ್ಟ್' ಅಂತ ಬರೆಯದಿದ್ದರೆ ಕಲಾವಿದರಿಗೆ ಕಡಿಮೆ ಮರ್ಯಾದೆ ಅಂತ ಅಂದುಕೊಳ್ಳುವ ಸಂಘಟಕರು ಇದನ್ನು ಸ್ವಲ್ಪ ಯೋಚಿಸಬೇಕು ಅಲ್ವಾ?

ಮೈಸೂರಿಗೆ ಈ ಪದ ಸರಿಯಾದ ಅರ್ಥದಲ್ಲೂ ಹೊಸದಲ್ಲ. ಜಯಚಾಮರಾಜ ಒಡೆಯರು ಲಂಡನ್ನಿನ ಫಿಲ್‌ಹಾರ್ಮೋನಿಯಾ ಆರ್ಕೆಸ್ಟ್ರಾದ ಬೆನ್ನಿಗೆ ನಿಂತರು. ರಷ್ಯಾದ ಮೆಟ್ನರ್ ಬರೆದ ಪಿಯಾನೋ ಕನ್ಚೆರ್ಟೊಗಳು ಅವರ ದುಡ್ಡಿನಿಂದ ಧ್ವನಿಮುದ್ರಣ ಕಂಡವು. ಆರ್ಕೆಸ್ಟ್ರಾ ಫಿಲ್‌ಹಾರ್ಮೋನಿಯಾ, ಸೋಲೋಯಿಸ್ಟ್ ಮೆಟ್ನರ್ ತಾನೇ. ಮೂರನೆಯ ಕನ್ಚೆರ್ಟೊವನ್ನು ಆತ ಮಹಾರಾಜರಿಗೇ ಅರ್ಪಿಸಿದ.

ನಮ್ಮ ವಾದ್ಯಗಳೂ ಆ ಜಾಗಕ್ಕೆ ಹೋಗಿವೆ. 1971ರಲ್ಲಿ ರವಿಶಂಕರ್ ತಮ್ಮ ಸಿತಾರ್ ಕನ್ಚೆರ್ಟೊ ನುಡಿಸಿದ್ದು ಲಂಡನ್ ಸಿಂಫನಿ ಜೊತೆ. 1985ರಲ್ಲಿ ಎಲ್. ಸುಬ್ರಹ್ಮಣ್ಯಂ ವಯೊಲಿನ್ ಹಿಡಿದು ನ್ಯೂಯಾರ್ಕ್ ಫಿಲ್‌ಹಾರ್ಮೋನಿಕ್ ಜೊತೆ ನಿಂತರು, ಕಂಡಕ್ಟರ್ ಜುಬಿನ್ ಮೆಹ್ತಾ. ಇವರನ್ನು ಸೋಲೋಯಿಸ್ಟ್ ಅಂದರೆ ಒಂದಕ್ಷರವೂ ತಪ್ಪಿಲ್ಲ.

ಕನ್ನಡದಲ್ಲಿ ಬೇರೆ ಪದ ಬೇಕು ಅನ್ನುವವರಿದ್ದಾರೆ. 'ಏಕವಾದಕ' ಅಂದರೆ ಮತ್ತೆ ಒಂಟಿಯ ಗುಂಡಿಗೇ ಬೀಳುತ್ತೇವೆ. 'ಪ್ರಧಾನ ವಾದಕ' ಅಂದರೆ ಕನ್ಸರ್ಟ್‌ಮಾಸ್ಟರ್ ಕುರ್ಚಿಗೆ ಹೋಗಿ ಕೂರುತ್ತದೆ. 'ಸೋಲೋಯಿಸ್ಟ್' ಹಾಗೇ ಇರಲಿ. ಪರಿಚಯ ಬರೆಯುವವರು ಯಾವ ಆರ್ಕೆಸ್ಟ್ರಾ ಜೊತೆ, ಯಾವ ಕೃತಿ, ಯಾವ ವರ್ಷ ಅಂತ ಕಲಾವಿದರನ್ನು ಕೇಳಲಿ. ಮೂರಕ್ಕೂ ಉತ್ತರ ಸಿಕ್ಕರೆ ಆ ಪದ ಹಾಕಲಿ. ಸಿಗದಿದ್ದರೆ ಹೆಸರಿನ ಮುಂದೆ 'ವಯೊಲಿನ್' ಅಂತ ಬರೆದರೆ ಆಯಿತು.