ಗಂಡನನ್ನೂ ಕರೆದುಕೊಂಡು ಬನ್ನಿ

ಹೋದ ತಿಂಗಳು ಆಳಂದ ಕಡೆಯಿಂದ ಅತ್ತೆ, ಸೊಸೆ ಕಲಬುರಗಿಗೆ ತೋರಿಸಲು ಬಂದಿದ್ದರು. ಮೂರು ಸಲ ಗರ್ಭ ಹೋಗಿದೆ, ಮೂರೂ ಮೂರು ತಿಂಗಳೊಳಗೆ. ನಾನು ಕೇಳುವ ಮೊದಲೇ ಅತ್ತೆ ತೀರ್ಪು ಕೊಟ್ಟರು: "ಬ್ಯಾಡಂದ್ರೂ ತುಂಬಿದ ಕೊಡ ಎತ್ತ್ಯಾಳ್ರೀ ಮೇಡಂ." ಸೊಸೆ ನೆಲ ನೋಡುತ್ತಿದ್ದಳು. ಗಂಡ ಎಲ್ಲಿ ಅಂದೆ. "ಅವಗೇನಾಗ್ಯಾದ್ರೀ, ಗಟ್ಟಿ ಅದಾನ."

ಈ 'ಗಟ್ಟಿ ಅದಾನ' ಕೇಳಿ ಕೇಳಿ ನನಗೆ ಸಾಕಾಗಿದೆ.

ಮಗುವಿನ ಪ್ರತಿ ಜೀವಕೋಶದಲ್ಲಿ 46 ಕ್ರೋಮೋಸೋಮ್, ಅಂದರೆ ತಂದೆತಾಯಿಯ ಗುಣ ಹೊತ್ತು ತರುವ ಎಳೆಗಳು, ಇರಬೇಕು. 23 ತಾಯಿಯದು, 23 ತಂದೆಯದು. ಮೊದಲ ಮೂರು ತಿಂಗಳಲ್ಲಿ ಹೋಗುವ ಗರ್ಭಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಈ ಲೆಕ್ಕ ತಪ್ಪಿದ್ದೇ ಕಾರಣ. ಹೆಚ್ಚಿನ ಸಲ ಅದು ಆಕಸ್ಮಿಕ, ತಾಯಿಯ ವಯಸ್ಸು 35 ದಾಟಿದ ಮೇಲೆ ಜಾಸ್ತಿ. ಲೆಕ್ಕ ತಪ್ಪಿದ್ದು ಗರ್ಭ ಕಟ್ಟುವ ಹೊತ್ತಿಗೇ. ಆಮೇಲೆ ಎತ್ತಿದ ಕೊಡ, ತಿಂದ ಪಪ್ಪಾಯಿ ಅದನ್ನು ಕೆಡಿಸುವುದೂ ಇಲ್ಲ, ಸರಿಮಾಡುವುದೂ ಇಲ್ಲ.

ಮತ್ತೆ ಮತ್ತೆ ಹೋಗುತ್ತಿದ್ದರೆ ಇನ್ನೊಂದು ಸಾಧ್ಯತೆ ನೋಡಬೇಕು. ಕೆಲವರಲ್ಲಿ ಎರಡು ಕ್ರೋಮೋಸೋಮ್‌ಗಳ ತುಂಡು ಅದಲು ಬದಲಾಗಿರುತ್ತದೆ. ಒಟ್ಟು ಸಾಮಾನು ಪೂರ್ತಿ ಇರುವುದರಿಂದ ಆ ಮನುಷ್ಯನಿಗೆ ಏನೂ ತೊಂದರೆಯಿಲ್ಲ, ನಿಜಕ್ಕೂ ಗಟ್ಟಿಯಾಗಿಯೇ ಇರುತ್ತಾನೆ. ಆದರೆ ಮಗುವಿಗೆ ಅರ್ಧ ಪಾಲು ಕೊಡುವಾಗ ಒಂದು ತುಂಡು ಹೆಚ್ಚು, ಇನ್ನೊಂದು ಕಡಿಮೆ ಆಗಬಹುದು. ಹೀಗೆ ಬರುವ ನೂರು ಜೋಡಿಗಳಲ್ಲಿ 2ರಿಂದ 5 ಜೋಡಿಗಳಲ್ಲಿ ಇದು ಸಿಗುತ್ತದೆ. ಹೆಂಡತಿಯಲ್ಲಿರಬಹುದು, ಗಂಡನಲ್ಲೂ ಇರಬಹುದು. ಅದಕ್ಕೇ ಪರೀಕ್ಷೆಗೆ ಇಬ್ಬರ ರಕ್ತವೂ ಬೇಕು. ಸಿಕ್ಕರೂ ಹೆದರಬೇಡಿ, ಇಂಥವರಲ್ಲಿ ಎಷ್ಟೋ ಜನಕ್ಕೆ ಮುಂದೆ ಆರೋಗ್ಯವಾದ ಮಗು ಆಗಿದೆ. ಥೈರಾಯ್ಡ್, ಶುಗರ್, ಗರ್ಭಕೋಶದ ಆಕಾರ ಇವನ್ನೂ ನೋಡುತ್ತೇವೆ, ಆ ಮಾತು ಬೇರೆ.

ಈಗ ಮೊಬೈಲ್ ನೋಡಿ ಬ್ಯಾಕ್ಟೀರಿಯಾ ಕ್ಯಾಪ್ಸೂಲ್ ಕೇಳುವವರೂ ಬರುತ್ತಾರೆ. ಯೋನಿಯಲ್ಲಿರುವ ಲ್ಯಾಕ್ಟೋಬ್ಯಾಸಿಲಸ್ ಎಂಬ ಒಳ್ಳೆಯ ಬ್ಯಾಕ್ಟೀರಿಯಾ ಅಲ್ಲಿ ಹುಳಿ ಉಳಿಸಿ ಸೋಂಕು ತಡೆಯುತ್ತದೆ, ನಿಜ. ಅದು ಕಡಿಮೆಯಾದವರಲ್ಲಿ, ಅದರಲ್ಲೂ ಮೂರು ತಿಂಗಳ ನಂತರ, ಗರ್ಭ ಹೋಗುವುದು ಸ್ವಲ್ಪ ಜಾಸ್ತಿ ಕಂಡಿದೆ. ಆದರೆ ಕ್ಯಾಪ್ಸೂಲ್ ನುಂಗಿದರೆ ಗರ್ಭ ನಿಲ್ಲುತ್ತದೆ ಎಂದು ಸಾಬೀತಾಗಿಲ್ಲ. ಒಳಗೆ ಸೋಪು ಹಾಕಿ ತೊಳೆಯುವುದನ್ನು ಬಿಡಿ, ಅಷ್ಟು ಸಾಕು. ಮಜ್ಜಿಗೆ ಕುಡಿಯಬಹುದಾ ಅಂದರೆ, ಕುಡಿಯಿರಿ, ನಮ್ಮ ಬಿಸಿಲಿಗೆ ಒಳ್ಳೆಯದು.

ಮುಂದಿನ ಸೋಮವಾರ ಗಂಡ ಬಂದ. ಸೂಜಿ ಕಂಡು ಮುಖ ತಿರುಗಿಸಿದ, ಹೆಂಡತಿ ಭುಜ ಹಿಡಿದುಕೊಂಡಳು. ವರದಿಗೆ ಎರಡು ಮೂರು ವಾರ ಬೇಕು, ಅಲ್ಲಿಯವರೆಗೆ ತುಂಬಿದ ಕೊಡದ ಮಾತು ಎತ್ತಬೇಡಿ ಅಂದೆ. ಅತ್ತೆ ಸೆರಗು ಸರಿಮಾಡಿಕೊಂಡು, "ಆಯ್ತು ಬಿಡ್ರೀ" ಅಂದರು.