ಲೇಸರ್‌ಗೆ ಮುಂಚೆ ಕಾರ್ನಿಯಾದ ಲೆಕ್ಕ

ಲೇಸರ್ ಮಾಡಿಸಿ ಕನ್ನಡಕ ಬಿಡಬೇಕೆಂದು ಬರುವವರು ಮೊದಲು ಕೇಳುವುದು ಯಂತ್ರ, ವಿಧಾನದ ಬಗ್ಗೆ: ಲ್ಯಾಸಿಕ್ ಒಳ್ಳೆಯದೋ ಸ್ಮೈಲ್ ಒಳ್ಳೆಯದೋ? ಅದಕ್ಕೂ ಮುಂಚೆ ಕೇಳಬೇಕಾದ್ದು ಬೇರೆ. ನನ್ನ ಕಾರ್ನಿಯಾ ಎಷ್ಟು ದಪ್ಪ ಇದೆ, ಅದರ ಆಕಾರ ಸರಿಯಿದೆಯೇ?

ಕರಿಗುಡ್ಡೆಯ ಮುಂದಿರುವ ಪಾರದರ್ಶಕ ಪದರವೇ ಕಾರ್ನಿಯಾ. ನಡುಭಾಗದಲ್ಲಿ ಅದರ ದಪ್ಪ ಸುಮಾರು 540 ಮೈಕ್ರಾನ್, ಅಂದರೆ ಅರ್ಧ ಮಿಲಿಮೀಟರಿಗಿಂತ ತುಸು ಹೆಚ್ಚು. ಎಕ್ಸೈಮರ್ ಲೇಸರ್ ಅದನ್ನು ಕೆತ್ತಿ ಬಾಗು ಬದಲಿಸುತ್ತದೆ. (ಈ ಲೇಸರ್ ಸುತ್ತಲಿನ ಭಾಗವನ್ನು ಸುಡದೆ ಅಂಗಾಂಶ ಕೆತ್ತಬಲ್ಲದು ಎಂದು 1981ರಲ್ಲಿ ತೋರಿಸಿಕೊಟ್ಟವರಲ್ಲಿ ಮದ್ರಾಸಿನಲ್ಲಿ ಹುಟ್ಟಿದ ರಂಗಸ್ವಾಮಿ ಶ್ರೀನಿವಾಸನ್ ಒಬ್ಬರು.) ಹೀಗೆ ಕೆತ್ತಿ ತೆಗೆದದ್ದು ಮತ್ತೆ ಬೆಳೆಯುವುದಿಲ್ಲ. ಎಲ್ಲ ಎಚ್ಚರಿಕೆಯೂ ಇಲ್ಲಿಂದಲೇ ಶುರುವಾಗುತ್ತದೆ.

ಲೆಕ್ಕ ನೋಡಿ. ಒಂದು ನಂಬರ್ ಇಳಿಸಲು ಸುಮಾರು 12ರಿಂದ 15 ಮೈಕ್ರಾನ್ ಹೋಗುತ್ತದೆ. ಕಾರ್ನಿಯಾ 500 ಮೈಕ್ರಾನ್, ನಂಬರ್ ಮೈನಸ್ 6 ಎಂದುಕೊಳ್ಳಿ. ಲ್ಯಾಸಿಕ್‌ನಲ್ಲಿ ಮೊದಲು ಎತ್ತುವ ಫ್ಲ್ಯಾಪ್‌ಗೆ, ಅಂದರೆ ಮೇಲಿನ ತೆಳು ಮುಚ್ಚಳಕ್ಕೆ 110, ನಂಬರಿಗೆ 14ರಂತೆ ಕೆತ್ತನೆಗೆ 84. ಕೆಳಗೆ ಉಳಿಯುವುದು 306. ಅದೇ ಕಣ್ಣಿಗೆ ಮೈನಸ್ 8 ಇದ್ದರೆ ಉಳಿಯುವುದು 278. ಕನಿಷ್ಠ 250 ಉಳಿಯಬೇಕೆಂಬ ಹಳೆಯ ನಿಯಮದ ಪ್ರಕಾರ ಇದೂ ಪಾಸು. ಆದರೆ ಫ್ಲ್ಯಾಪ್ ಮತ್ತು ಕೆತ್ತನೆ ಸೇರಿ ಒಟ್ಟು ದಪ್ಪದ ಶೇ. 44ರಷ್ಟನ್ನು ಮುಟ್ಟಿದಂತಾಯಿತು. ಶೇ. 40 ದಾಟಿದರೆ ಕಾರ್ನಿಯಾ ದುರ್ಬಲವಾಗಿ ಮುಂದಕ್ಕೆ ಉಬ್ಬುವ ಅಪಾಯ ಹೆಚ್ಚು. ಇಂಥವರಿಗೆ ಲ್ಯಾಸಿಕ್ ಬೇಡ ಎನ್ನುವುದೇ ಸರಿ. ಕಾರ್ನಿಯಾ ಕೆತ್ತದೆ ಕಣ್ಣಿನೊಳಗೆ ಲೆನ್ಸ್ ಇಡುವ ದಾರಿಯೂ ಇದೆ. ದಪ್ಪ ಉಳಿಸಲೆಂದು ಕೆತ್ತುವ ವೃತ್ತವನ್ನೇ ಚಿಕ್ಕದು ಮಾಡಿದರೆ, ರಾತ್ರಿ ಪಾಪೆ ಹಿಗ್ಗಿದಾಗ ಎದುರು ಗಾಡಿಯ ಹೆಡ್‌ಲೈಟ್ ಸುತ್ತ ಬೆಳಕಿನ ಬಳೆ ಕಾಣುತ್ತದೆ.

ಕಾರ್ನಿಯಾದ ಮೇಲ್ಮೈಯಿಂದಲೇ ಕೆತ್ತುವ ಪಿಆರ್‌ಕೆ ವಿಧಾನದಲ್ಲಿ ಫ್ಲ್ಯಾಪ್ ಇಲ್ಲ, ಆ 110 ಮೈಕ್ರಾನ್ ಉಳಿಯುತ್ತದೆ. ಬದಲಿಗೆ ಮೂರ್ನಾಲ್ಕು ದಿನ ನೋವು, ಉರಿ. ದೃಷ್ಟಿ ತಿಳಿಯಾಗಲು ವಾರಗಳು ಬೇಕು. ಕಬಡ್ಡಿ, ಬಾಕ್ಸಿಂಗ್ ಆಡುವವರಿಗೆ ಇದೇ ವಾಸಿ, ಏಕೆಂದರೆ ಜೋರಾದ ಏಟಿಗೆ ಫ್ಲ್ಯಾಪ್ ವರ್ಷಗಳ ನಂತರವೂ ಸರಿಯಬಹುದು. ಸ್ಮೈಲ್‌ನಲ್ಲಿ 2ರಿಂದ 4 ಮಿಲಿಮೀಟರಿನ ಸೀಳಿನಿಂದ ಲೇಸರ್ ಒಳಗೇ ಕತ್ತರಿಸಿದ ತುಣುಕನ್ನು ಎಳೆದು ತೆಗೆಯುತ್ತಾರೆ. ಅಲ್ಲೂ ಅಂಗಾಂಶ ಹೋಗುತ್ತದೆ, ಆದ್ದರಿಂದ ತೆಳು ಕಾರ್ನಿಯಾಕ್ಕೆ ಅದು ರಾಮಬಾಣವಲ್ಲ.

ದಪ್ಪಕ್ಕಿಂತಲೂ ಮುಖ್ಯವಾದದ್ದು ಆಕಾರ. ಹದಿಹರೆಯದಲ್ಲಿ ಶುರುವಾಗುವ ಕೆರಟೋಕೋನಸ್‌ನಲ್ಲಿ ಕಾರ್ನಿಯಾ ತೆಳುವಾಗುತ್ತ ಮೊನೆಯಾಗುತ್ತದೆ. ಅಲರ್ಜಿಯಿಂದ ಸದಾ ಕಣ್ಣುಜ್ಜುವವರಲ್ಲಿ ಇದು ಹೆಚ್ಚು. ವರ್ಷವರ್ಷ ಸಿಲಿಂಡರ್ ನಂಬರ್ ಏರುವುದು, ಹೊಸ ಕನ್ನಡಕದಲ್ಲೂ ಅಕ್ಷರ ತಿಳಿಯಾಗದಿರುವುದು ಇದರ ಸುಳಿವು. ಇಂಥ ಕಣ್ಣಿಗೆ ಲೇಸರ್ ಹಾಕಿದರೆ ಇದ್ದ ದೃಷ್ಟಿಯೂ ಕೆಡಬಹುದು. ಕಾರ್ನಿಯಾದ ಮುಂಬದಿ, ಹಿಂಬದಿ ಎರಡನ್ನೂ ನಕ್ಷೆಯಾಗಿ ತೋರಿಸುವ ಟೊಮೊಗ್ರಫಿ ಸ್ಕ್ಯಾನ್ ಇಲ್ಲದೆ ಯಾರೂ ಒಪ್ಪಿಕೊಳ್ಳಬಾರದು.

ಕಾಂಟ್ಯಾಕ್ಟ್ ಲೆನ್ಸ್ ಕೂಡ ಈ ಆಕಾರವನ್ನು ಒತ್ತಿ ಬದಲಿಸುತ್ತದೆ. ಮೃದು ಲೆನ್ಸನ್ನು ಪರೀಕ್ಷೆಗೆ ಒಂದೆರಡು ವಾರ ಮುಂಚೆ, ಗಟ್ಟಿ ಲೆನ್ಸನ್ನು ಮೂರ್ನಾಲ್ಕು ವಾರ ಮುಂಚೆ ಬಿಡಬೇಕು. ಹಿಂದಿನ ದಿನದವರೆಗೂ ಹಾಕಿದ್ದನ್ನು ಮುಚ್ಚಿಟ್ಟರೆ ಅಳತೆ ತಪ್ಪಿ ನಂಬರ್ ಉಳಿದುಬಿಡುತ್ತದೆ. 18 ತುಂಬಿರಬೇಕು, ಕನಿಷ್ಠ ಒಂದು ವರ್ಷ ನಂಬರ್ 0.5ಕ್ಕಿಂತ ಹೆಚ್ಚು ಬದಲಾಗಿರಬಾರದು. ಮದುವೆ ಗೊತ್ತಾಗಿದೆ ಎಂಬ ಅವಸರಕ್ಕೆ ಇಲ್ಲಿ ಜಾಗವಿಲ್ಲ. ಗರ್ಭಿಣಿಯರು, ಹಾಲುಣಿಸುವ ತಾಯಂದಿರು ಮುಂದೂಡಬೇಕು.

ಚಿಕಿತ್ಸೆಯ ನಂತರ ಕಾರ್ನಿಯಾದ ನರಗಳು ಕತ್ತರಿಸಿರುವುದರಿಂದ ಕಣ್ಣು ಒಣಗುತ್ತದೆ. ಹೆಚ್ಚಿನವರಲ್ಲಿ ಮೂರರಿಂದ ಆರು ತಿಂಗಳಲ್ಲಿ ಸುಧಾರಿಸುತ್ತದೆ; ಅಲ್ಲಿಯವರೆಗೆ ಪ್ರಿಸರ್ವೇಟಿವ್ ಇಲ್ಲದ ಕಣ್ಣೀರಿನ ಹನಿ ಬೇಕು. ಕಣ್ಣುಜ್ಜಬೇಡಿ. ಒಂದು ವಾರ ಕಣ್ಣಿಗೆ ನೀರು ಬೀಳದಂತೆ ತಲೆಸ್ನಾನ ಮಾಡಿ, ಕಾಡಿಗೆಯಿಂದ ದೂರವಿರಿ. ಸ್ಟೀರಾಯ್ಡ್ ಹನಿಯನ್ನು ಹೇಳಿದಷ್ಟೇ ದಿನ ಹಾಕಿ. ಹಳೆಯ ಚೀಟಿ ತೋರಿಸಿ ಮೆಡಿಕಲ್ ಶಾಪಿನಲ್ಲಿ ಮತ್ತೆ ಮತ್ತೆ ಕೊಂಡು ಹಾಕಿಕೊಂಡರೆ ಕಣ್ಣಿನ ಒತ್ತಡ ಏರಿ ದೃಷ್ಟಿನರ ಹಾಳಾಗುವ ಗ್ಲಾಕೋಮಾ ಬರಬಹುದು. ಹೀಗೆ ನೋವಿಲ್ಲದೆ ಕುರುಡಾದ ಕಣ್ಣನ್ನು ಯಾವ ಚಿಕಿತ್ಸೆಯೂ ಮರಳಿಸದು.

ಕನ್ನಡಕ ಹೋದರೂ ಸಮೀಪದೃಷ್ಟಿಯ ಕಣ್ಣಿನ ಉದ್ದ ಹಾಗೇ ಇರುತ್ತದೆ, ಹಿಂಬದಿಯ ರೆಟಿನಾ ಎಳೆದುಕೊಂಡೇ ಇರುತ್ತದೆ. ಹೆಚ್ಚು ನಂಬರ್ ಇದ್ದವರು ವರ್ಷಕ್ಕೊಮ್ಮೆ ಪಾಪೆ ಹಿಗ್ಗಿಸಿ ರೆಟಿನಾ ತೋರಿಸಿಕೊಳ್ಳಬೇಕು. ಇದ್ದಕ್ಕಿದ್ದಂತೆ ಮಿಂಚು ಹೊಡೆದಂತೆ, ಕಪ್ಪು ಚುಕ್ಕಿಗಳ ಮಳೆ ಸುರಿದಂತೆ ಅಥವಾ ಪಕ್ಕದಿಂದ ಪರದೆ ಇಳಿದಂತೆ ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ನಲವತ್ತು ದಾಟಿದ ಮೇಲೆ ಓದಲು ಚಾಳೀಸು ಬೇಕಾಗುವುದು ಲೇಸರ್ ಸೋತದ್ದರಿಂದಲ್ಲ, ಒಳಗಿನ ಮಸೂರ ಗಡುಸಾಗಿದ್ದರಿಂದ.

ಇನ್ನೊಂದು ಕೆಲಸವನ್ನು ಬಹಳ ಜನ ಮಾಡುವುದಿಲ್ಲ. ಲೇಸರ್‌ಗೆ ಮುಂಚಿನ ನಂಬರ್, ಕಾರ್ನಿಯಾದ ದಪ್ಪ, ಟೊಮೊಗ್ರಫಿಯ ಪ್ರಿಂಟ್ ಕೇಳಿ ಪಡೆದು ಜೋಪಾನವಾಗಿಡಿ, ಮೊಬೈಲಿನಲ್ಲೂ ಒಂದು ಫೋಟೊ ಇರಲಿ. ಕಾರ್ನಿಯಾ ತೆಳುವಾದ ಮೇಲೆ ಕಣ್ಣಿನ ಒತ್ತಡ ಅಳೆದಾಗ ಇರುವುದಕ್ಕಿಂತ ಕಡಿಮೆ ತೋರುತ್ತದೆ, ಗ್ಲಾಕೋಮಾ ಕಣ್ತಪ್ಪಬಹುದು. ಮುಂದೆ ಪೊರೆ ಆಪರೇಷನ್ ಬಂದಾಗ ಒಳಗಿಡುವ ಲೆನ್ಸಿನ ಪವರ್ ಲೆಕ್ಕ ಹಾಕಲೂ ವೈದ್ಯರಿಗೆ ಆ ಹಳೆಯ ಅಳತೆಗಳು ನೆರವಾಗುತ್ತವೆ.